ಹೀರಿಬಳ್ಳಿಗೆ ಹಾಕಿದ ಗಂಟು

ಬಿಚ್ಚು, ಮೊದಲ ಆ ದಾರ ಬಿಚ್ಚು. ಅಲ್ಲ ಗಿರಿಜಾ, ಟೊಮೆಟೊ ಗಿಡ ಅಂದ್ರ ಅದೇನು ಕಳ್ಳನ, ಹಿಡಕೊಂಡು ಬಂದು ಕಂಬಕ್ಕ ಬಿಗಿಯಾಕ? ಅದಕ್ಕೂ ಉಸುರಾಡಾಕ ಬೇಕೋ ಬ್ಯಾಡೋ. ನಾ ಬೈಯಾಕತ್ತಿಲ್ಲವಾ. ಹಾಂ, ಬೈಯಾಕತ್ತೀನಿ, ಖರೆ, ಆದ್ರ ನಿನಗಲ್ಲ, ನನಗ ನಾನ ಬೈಕೊಳ್ಳಾಕತ್ತೀನಿ. ಬಾ, ಇಲ್ಲೆ ಕಟ್ಟಿ ಮ್ಯಾಲ ಕುಂಡ್ರು. ಇದನ್ನ ನಾ ಯಾರ ಮುಂದೂ ಹೇಳಿಲ್ಲ, ನಿಮ್ಮಪ್ಪನ ಮುಂದೂ ಹೇಳಿಲ್ಲ. ನಿಮ್ಮಾಯಿ ಹೀರಿಬಳ್ಳಿ ಸತ್ತಿದ್ದು ರೋಗದಿಂದ ಅಲ್ಲ. ಅದನ್ನ ಕೊಂದಾವ ನಾನ.

ನೀ ಆಗ ಸಣ್ಣಾಕಿ, ಮೂರು ವರ್ಷ, ಅಲ್ಲ ಅಲ್ಲ, ನಾಕು ತುಂಬಿತ್ತು, ನೆನಪಿರಾಕಿಲ್ಲ ನಿನಗ. ನಿಮ್ಮಾಯಿ ನೀಲವ್ವ, ನನ್ನ ಹೇಣ್ತಿ, ಈ ಹಿತ್ತಲ ಆಕಿದು. ಎರಡು ಹೊರಸು ಹಾಕಿದ್ರ ತುಂಬಿಹೋಗೂವಷ್ಟು ಜಾಗ, ಅದರಾಗ ಬದನಿ, ಮೆಣಸಿನಕಾಯಿ, ಮೆಂತೆ, ಎಲ್ಲಾ ಬೆಳೀತಿದ್ಲು. ನಾ ಇತ್ತಾಗ ಹಾಯ್ತಿದ್ದಿಲ್ಲ. ನಾ ಹುಟ್ಟಿದ್ದ ಬೆಟಗೇರಿ ಮಗ್ಗದ ಕುಣಿಯಾಗ ಅಂತ ತಿಳಕೊ, ಕುಣಿಯಾಗ ಕಾಲು ಇಳಿಬಿಟ್ಟು ಕುಂತ್ರ ಊಟಕ್ಕ ಕರದಾಗ ಏಳಾವ. ಎಳಿ ಹರದ್ರ ಕಣ್ಣು ಮುಚ್ಚಿ ಗಂಟು ಹಾಕ್ತಿದ್ನಿ, ಬೇಕಾದಷ್ಟು ಜಗ್ಗು, ಬಿಚ್ಚೂದಿಲ್ಲ. ನಮ್ಮಪ್ಪ ಕಲಿಸಿದ್ದು ಅದೊಂದ ಗಂಟು, ನನಗ ಬ್ಯಾರೆ ಗಂಟ ಬರತಿದ್ದಿಲ್ಲ. ಅದನ್ನ ನೆನಪಿಟಗೊ, ಮುಂದ ಬರತೈತಿ. ಆ ವರ್ಷ ನಿಮ್ಮಾಯಿ ಹೊಟ್ಟಿಬ್ಯಾನಿ ಹಿಡದು ಮಲಗಿದ್ಲು, ಡಾಕ್ಟರ್ ನಿಮ್ಮಪ್ಪನ್ನ ಹೊರಗ ಕರದು, ಆಕಿ ಏನ ಬೇಡತಾಳ ಅದನ್ನ ಕೊಡ್ರಿ ಅಂದ್ರಂತ. ಆದ್ರ ಆಕಿ ಏನೂ ಬೇಡವಲ್ಲಳು. ಗಂಜಿ ಕೊಟ್ರ ಬ್ಯಾಡ, ಸಜ್ಜಕ ಮಾಡಿದ್ರ ಬ್ಯಾಡ. ಒಂದಿನ ತಾನಾಗೇ ಅಂದ್ಲು, "ಏನ್ರಿ, ನಮ್ಮ ಬಳ್ಳಿ ಹೀರಿಕಾಯಿ ಪಲ್ಯ ತಿನ್ನಬೇಕು ಅನ್ನಸಾಕತ್ತೈತಿ." ಅಷ್ಟ ನೋಡು, ಅಷ್ಟು ದಿನದಾಗ ಆಕಿ ಬೇಡಿದ್ದು ಅದೊಂದ.

ಆ ಬೀಜ ಆಕಿ ತವರುಮನಿ ಬೀಜ, ಕಳಸಾಪುರದ್ದು. ಅವರವ್ವ ಕೊಟ್ಟಿದ್ದು. ವರ್ಷಾ ಮೊದಲ್ನೇ ಕಾಯಿ ಹರಿಯದ ಬೀಜಕ್ಕ ಬಿಡತಿದ್ಲು, ಅದಕ್ಕೊಂದು ಕೆಂಪು ದಾರ ಕಟ್ಟತಿದ್ಲು, ಯಾರೂ ಮುಟ್ಟಬಾರದು ಅಂತ. ಆಮ್ಯಾಲೆ ಬೂದ್ಯಾಗ ಕಲಸಿ ಅರಬ್ಯಾಗ ಕಟ್ಟಿ ಇಡೂದು. ತವರುಮನ್ಯಾಗ ಈಗ ಹೀರಿ ಹಾಕೂದ ಬಿಟ್ಟಾರ, ಹಿಂಗಾಗಿ ಆ ತಳಿ ಉಳದಿದ್ದು ನಮ್ಮ ಮನ್ಯಾಗ ಅಷ್ಟ. ಬಿಚ್ಚಿ ನೋಡಿದ್ರ ಐದ ಐದು ಬೀಜ. "ಐದೂ ಹಾಕ್ರಿ," ಅಂದ್ಲು. ಹಾಕಿದ್ನಿ, ಮೂರು ನಾಟಿದವು. ನನಗೇನ ಗೊತ್ತು, ನಳಾ ವಾರಕ್ಕೊಮ್ಮೆ ಬರೂ ಊರಾಗ ನಾ ಕುಡಿಯೂ ನೀರು ತಗದು ಹೊತ್ತಿಗೊಂದು ಕೊಡ ಹಾಕಿದ್ನಿ, ಪ್ರೀತೀಲೆ. ಎಲಿ ಹಳದಿ ಆತು. ಹಳದಿ ಆತಂತ ಮತ್ತ ಹಾಕಿದ್ನಿ. ಎರಡು ಕೊಳತು ಹೋದವು. ಬಿಂಕದಕಟ್ಟಿಯಿಂದ ಕಾಯಿಪಲ್ಯದ ಬುಟ್ಟಿ ಹೊತಗೊಂಡು ಫಕೀರವ್ವ ಅಂತ ಒಬ್ಬಾಕಿ ನಮ್ಮ ಓಣಿಗೆ ಬರತಿದ್ಲು, ಆಕಿ ನೋಡಿ ಹಣಿ ಬಡಕೊಂಡ್ಲು. "ಯಣ್ಣಾ, ಇದು ಗಿಡಾನೋ ಎಮ್ಮಿನೋ, ಇಷ್ಟು ನೀರು ಕುಡಸ್ತಿ? ಕೈಬೊಟ್ಟು ಎರಡು ಗಿಣ್ಣಿನ ತನಕ ಮಣ್ಣಾಗ ಹಾಕಿ ನೋಡು, ತಂಪು ಇತ್ತಂದ್ರ ಅವತ್ತು ನೀರು ಬ್ಯಾಡ." ಹಂಗ ಮಾಡಿದ್ನಿ, ಉಳದದ್ದೊಂದು ಬದುಕಿತು.

ಆಮ್ಯಾಲೆ ಎಲಿ ಕೆಳಗ ಕರಿ ಹೇನು. ಫಕೀರವ್ವ ಹೇಳಿದಂಗ ಬೇವಿನ ಬೀಜ ಕುಟ್ಟಿ ರಾತ್ರೆಲ್ಲಾ ನೆನಿಸಿ, ಸೋಸಿ, ಚೂರ ಸಾಬಾನ ಪುಡಿ ಕಲಸಿ ಎಲಿ ಬೆನ್ನಿಗೆ ಹೊಡದ್ನಿ, ನಾಕು ದಿನಕ್ಕೊಮ್ಮೆ. ಹೋದವು. ಹೂವು ಬಂತು, ಬಂದು ಬಂದು ಉದರಾಕತ್ತಿತು. ನಿಮ್ಮಾಯಿ ಕಿಟಕಿ ಕಡೆ ಮಾರಿ ಮಾಡಿ ಮಲಕೊಂಡಿರತಿದ್ಲು, ಅಲ್ಲಿಂದನ ಕೇಳತಿದ್ಲು, "ಹೂವಿನ ಕೆಳಗ ಸಣ್ಣ ಕಾಯಿ ಐತೇನ್ರಿ?" "ಕೆಲವಕ್ಕ ಐತಿ, ಕೆಲವಕ್ಕ ಇಲ್ಲ." "ಇಲ್ಲದ್ದು ಗಂಡು ಹೂವು. ಅದನ್ನ ಹರದು ಕಾಯಿ ಇದ್ದ ಹೂವಿಗೆ ಮುಟ್ಟಸ್ರಿ." ಮರುದಿನ ಮುಂಜಾನೆ ಎದ್ದು ಹೋದ್ರ ಎಲ್ಲಾ ಮುದುಡಿ ಕುಂತಾವು. ಆಕಿ ನಕ್ಕಳು. ಎಷ್ಟು ದಿನಕ್ಕ ನಕ್ಕಳು ಅಂತಿ. "ನೇಕಾರಪ್ಪಾ, ಹೀರಿ ಹೂವು ಅರಳೂದು ಸಂಜಿಮುಂದ." ಸಂಜಿಮುಂದ ಮುಟ್ಟಿಸಿದ್ನಿ, ನಿಮ್ಮವ್ವ ದೀಪಾ ಹಚ್ಚೂ ಹೊತ್ತಿನಾಗ. ಒಂದು ಕಾಯಿ ನಿಂತಿತು. ಗೇಣುದ್ದ ಆದಮ್ಯಾಲೆ ನಾ ಕುಡಗೋಲು ತಗೊಂಡು ಹೊಂಟ್ರ ಆಕಿ, "ಬ್ಯಾಡ್ರಿ, ಮೊದಲ್ನೇದು ಬೀಜಕ್ಕ. ಎರಡನೇದು ತಿಂತೀನಿ," ಅಂದ್ಲು. ನಾ ಜಗಳಾಡಿದ್ನಿ ಗಿರಿಜಾ, ನೀ ಇರೂದ ಎಷ್ಟು ದಿನ ಅಂತ ಬಾಯಿಗೆ ಬಂದಿತ್ತು, ನುಂಗಿದ್ನಿ. ಕೆಂಪು ದಾರ ಕಟ್ಟಿ ಬಂದ್ನಿ. ಎರಡನೇದು ಬೊಟ್ಟಿನಷ್ಟು ಆಗಿತ್ತು.

ಈಗ ಕೇಳು. ನಡುವ ಗಾಳಿ ಬಿಟ್ಟಿತ್ತು, ಬಳ್ಳಿ ಜೋತುಬಿದ್ದಿತ್ತು. ನಾ ಏನ ಮಾಡಿದ್ನಿ, ಮಗ್ಗದ ಮ್ಯಾಲ ಉಳದ ಆರ್ಟ್ ಸಿಲ್ಕ್ ಎಳಿ ಇತ್ತಲ್ಲ, ಕೊಳಿಯೂದಿಲ್ಲ, ಹರಿಯೂದಿಲ್ಲ, ಅದನ್ನ ನಾಕು ಹುರಿ ಮಾಡಿ ಬುಡದ ಹಂತೇಕ ಬಳ್ಳಿನ್ನ ಕಂಬಕ್ಕ ಬಿಗದ್ನಿ. ನಮ್ಮ ಗಂಟು, ನಮ್ಮಪ್ಪ ಕಲಿಸಿದ್ದು. ಅಂತೂ ನಾ ಬಲ್ಲ ಒಂದು ಕೆಲಸ ಈ ಹಿತ್ತಲಕ್ಕ ಬಂತು ಅಂತ ಖುಷಿ ಆಗಿತ್ತು ನನಗ. ಬಳ್ಳಿ ಅಂದ್ರ ನೂಲಲ್ಲ, ಅದು ದಪ್ಪ ಆಗತೈತಿ. ನನಗದು ಹೊಳೀಲಿಲ್ಲ. ಸ್ವಲ್ಪ ದಿನಕ್ಕ ಮಧ್ಯಾಹ್ನ ಎಲಿ ಬಾಡಾಕತ್ತವು, ಸಂಜಿಗೂ ಏಳವಲ್ಲವು. ಬೊಟ್ಟು ಹಾಕಿ ನೋಡಿದ್ರ ಮಣ್ಣು ತಂಪ ಐತಿ. ಬೇರಿಗೆ ಹುಳಾ ಹತ್ತೇತಿ ಅಂತ ಬೇವಿನ ಹಿಂಡಿ ಹಾಕಿದ್ನಿ. ಫಕೀರವ್ವ ಬಂದು ಬುಡದ ಕಡೆ ಬಗ್ಗಿದ್ಲು. "ಯಣ್ಣಾ, ಇದನ್ನ ಯಾರು ಕಟ್ಟಿದ್ರು?" ದಾರ ಬಳ್ಳಿಯೊಳಗ ಇಳದುಬಿಟ್ಟಿತ್ತು, ಮ್ಯಾಲ ಬಾವು ಬಂದಂಗ ಊದಿತ್ತು. ಬ್ಲೇಡ್‌ಲೆ ಕೊಯ್ದ್ರ ಬಳ್ಳಿನ ಎರಡು ತುಂಡಾಗಿ ಕೈಯಾಗ ಬಂತು. ಬೀಜದ ಕಾಯಿ ಸೀಳಿ ನೋಡಿದ್ನಿ, ಎಲ್ಲಾ ಬಿಳಿ, ಎಲ್ಲಾ ಜೊಳ್ಳು. ಬಚ್ಚಲದಾಗ ಹೋಗಿ ಬಾಗಿಲ ಹಾಕ್ಕೊಂಡು ಅತ್ನಿ ನಾ, ಬಾಯಾಗ ಹೆಗಲ ಮ್ಯಾಲಿನ ವಲ್ಲಿ ತುರಕೊಂಡು.

ಬಳ್ಳಿ ಹೋದದ್ದನ್ನ ನಿಮ್ಮಾಯಿಗೆ ಹೇಳಲಿಲ್ಲ ನಾ. ಆಕಿ ದಿನಾ ಕೇಳತಿದ್ಲು, "ಕಾಯಿ ಎಷ್ಟುದ್ದ ಆತ್ರಿ?" ನಾ ಕೈ ಮ್ಯಾಲ ತೋರಸ್ತಿದ್ನಿ. ಇವತ್ತು ಇಷ್ಟು, ಅಂಗೈಯಷ್ಟು. ನಾಳೆ ಇಷ್ಟು, ಮಣಿಕಟ್ಟು ದಾಟೇತಿ. ಇಲ್ಲದ ಕಾಯಿ ನನ್ನ ಕೈ ಮ್ಯಾಲ ಬೆಳೀತು, ಮೊಳಕೈ ತನಕ ಬೆಳೀತು. ಇನ್ನ ಅದನ್ನ ಹರಿಯದ ಬ್ಯಾರೆ ಗತಿ ಇದ್ದಿಲ್ಲ. ಫಕೀರವ್ವನ ಬುಟ್ಟ್ಯಾಗಿಂದ ಒಂದು ತಗೊಂಡ್ನಿ, ಆಕಿನೂ ಕಣ್ಣು ಒರಸಿಕೊಂಡ ಕೊಟ್ಲು. ನಿಮ್ಮವ್ವ ಕಡ್ಲಿಬ್ಯಾಳಿ ಹಾಕಿ ಪಲ್ಯ ಮಾಡಿದ್ಲು, ಸಿಪ್ಪಿ ಚಟ್ನಿನೂ ಮಾಡಿದ್ಲು. ನಾನ ತಿನಿಸಿದ್ನಿ, ಎರಡು ತುತ್ತು. "ಛಲೋ ಆಗೇತಿ," ಅಂದ್ಲು. ನೀರು ಕುಡುದ್ಲು. ನನ್ನ ಕೈ ಹಿಡದು ಬೊಟ್ಟು ಸವರಕೋತ, ಮೆಲ್ಲಕ ಅಂದ್ಲು, "ಮುಂದಿನ ಸಲ ಕಟ್ಟೂ ಮುಂದ ಬಳ್ಳಿಗೂ ದಾರಕ್ಕೂ ನಡುವ ಒಂದು ಬೊಟ್ಟು ಜಾಗಾ ಬಿಡ್ರಿ." ನನಗ ಬರೂ ಗಂಟು ಅದೊಂದ ಅಂತ ಆಕಿಗೆ ಗೊತ್ತಿತ್ತಲ್ಲ. ನಾ ತಿರುಗಿ ನೋಡಿದ್ನಿ, ಕಿಟಕಿ ಸರಳಿಗೆ ಹಬ್ಬಿದ್ದ ಕುಡಿ ಅಲ್ಲೇ ಒಣಗಿ ನಿಂತಿತ್ತು, ಆಕಿ ಕಣ್ಣ ಮುಂದ. ಬುಡ ಕಿತ್ತು ಒಗದಿದ್ನಿ, ಕುಡಿ ತಗಿಯೂದ ಮರತಿದ್ನಿ. ಅಷ್ಟೂ ದಿನ ಅದನ್ನ ನೋಡಕೋತನ ಆಕಿ ನನಗ, ಎಷ್ಟುದ್ದ ಆತು ಅಂತ ಕೇಳಿದ್ಲು. ಮುಂದ ಎಂಟ ದಿನ ಇದ್ಲು. ಹ್ವಾದ್ಲು.

ಆ ತಳಿ ಮತ್ತ ಎಲ್ಲೂ ಸಿಗಲಿಲ್ಲ. ಕಳಸಾಪುರದಾಗ ಮನಿಮನಿ ಕೇಳಿದ್ನಿ, ಇಲ್ಲ. ಏ, ನೀ ಯಾಕ ಅಳತಿ, ಮೂಗು ಒರಸ್ಕೊ, ಏಳು. ಆ ಹಳೇ ಸೀರಿ ಚಿಂದಿ ತಗೊಂಡು ಬಾ, ಅಗಲ ಇರಲಿ. ಮೊದಲ ಕಂಬಕ್ಕ ಸುತ್ತು, ಬಿಗಿ ಏನಿದ್ರೂ ಕಂಬಕ್ಕ ಹಾಕು. ಈಗ ಗಿಡದ ಕಡೆ ಸಡ್ಲ ಬಳಸು. ಸಾಕು. ಎಲ್ಲಿ, ನಿನ್ನ ಬೊಟ್ಟು ನಡುವ ಹಾಕು ನೋಡೂಣು. ಹೊಕ್ಕಿತಾ? ಹಾಂ, ಅಷ್ಟ.