ಏಳನೇ ತಿಂಗಳು, ರೈಲಿನ ಮೆಟ್ಟಲು

ಹಂಗಲ್ಲವ್ವ, ಬ್ಯಾನಿ ಹೊಟ್ಟಿಯೊಳಗಿರಲಿಲ್ಲ, ಅದರ ತೆಳಗ. ಎರಡೂ ತೊಡಿ ಕೂಡೋ ಕಡಿ ಮುಂದಿನ ಎಲುಬು ಇರ್ತದಲ್ಲ, ಅಲ್ಲಿ. ಕಾಲೆತ್ತಿದ್ರ ಯಾರೋ ಎರಡೂ ಕಡಿಗೆ ಹಿಡದು ಜಗ್ಗಿದಂಗ. ನಿಮ್ಮವ್ವ ಆಗ ನನ್ನ ಹೊಟ್ಟಿಯಾಗ, ಏಳನೇ ತಿಂಗಳು. ಮನಿ ಶಹಾಬಾದದಾಗ, ನಾ ಕಲಿಸೋ ಸಾಲಿ ವಾಡಿಯಾಗ, ದಿನಾ ರೈಲಿಗೆ ಹೋಗಿ ಬರೋದು. ಟೆಂಪರರಿ ನೌಕರಿ, ಹೆರಿಗಿ ರಜಾಕ್ಕಿಂತ ಮೊದಲ ನಾಕು ದಿನ ತಪ್ಪಿದ್ರ ಆ ಖುರ್ಚಿ ಮ್ಯಾಲ ಬ್ಯಾರೆಯವರು.

ನಾ ವಿಜ್ಞಾನ ಓದಿದಾಕಿ, ಗೊತ್ತಲ್ಲ. ದೃಷ್ಟಿ ಅಂದವರಿಗೆ ನಕ್ಕೆ, ಗಾಳಿ ಅಂದವರಿಗೂ ನಕ್ಕೆ. ನಕ್ಕು ಮಾಡಿದ್ದೇನು? ಎಲುಬು ಬಿಗದದ, ಸಡ್ಲ ಮಾಡಬೇಕಂತ ದಿನಾ ಕಾಲು ಅಗಲ ಚಾಚಿ ಕುಂತು ಕಸರತ್ತು. ಓದಿದವರ ದಡ್ಡತನಕ್ಕ ಕಾರಣ ಭಾಳ ಚೆಂದ ಇರ್ತಾವ. ಬ್ಯಾನಿ ಎರಡರಷ್ಟು ಆತು. ನಮ್ಮ ಅತ್ತಿ ಬ್ಯಾರೆ, "ದುಡದಷ್ಟೂ ಹೆರಿಗಿ ಸಲೀಸು," ಅಂತ ಟೊಂಕಕ್ಕ ಕೊಡ ಇಟ್ಟು ನೀರಿಗೆ ಕಳಸ್ತಿದ್ದಳು.

ಒಂದಿನ ಮುಂಜಾನಿ, ಸೋಮವಾರ, ಅಲ್ಲ, ಸಂತಿ ದಿನ, ಯಾವುದೋ ಬಿಡು, ರೈಲು ಬಂತು. ಆಗ ನಮ್ಮ ಪ್ಲಾಟ್‌ಫಾರ್ಮ್ ಭಾಳ ತಗ್ಗಿನಾಗ. ಹತ್ತಲಿಕ್ಕ ಹೋದೆ, ಕಾಲು ಏಳಲೇ ಇಲ್ಲ. ರೈಲು ಹೋತು. ಮನಿಗೆ ಬಂದು ಬಾಗಲದಾಗೇ ಕುಂತು ಅಳಲಿಕತ್ತೆ. ಅತ್ತಿ ಹೋಗಿ ಸೂಲಗಿತ್ತಿ ಮಹಬೂಬಿನ್ನ ಕರಕೊಂಡು ಬಂದಳು.

"ಒಂದ ಕಾಲ ಮ್ಯಾಲ ನಿಂತು ಲಂಗ ಹಾಕ್ಕೋತಿ ಏನು?" ಅಂದಳು ಮಹಬೂಬಿ.

"ಮತ್ತ ಹ್ಯಾಂಗ ಹಾಕ್ಕೋಬೇಕ್ರಿ?"

"ಕುಂತು, ಬೇಟಿ. ರೊಟ್ಟಿ ಬಡಿವಾಗ ಒಂದು ಮೊಳಕಾಲು ಎತ್ತಿ, ಒಂದು ಮಡಚಿ ಕುಂದರ್ತಿ?"

"ಎಲ್ಲಾರೂ ಹಂಗೇ ಅಲ್ಲೇನ್ರಿ."

"ಎಲ್ಲಾರ ಹೊಟ್ಟಿಯಾಗ ಕೂಸದ ಏನು? ಎಲುಬು ಬಿಗದಿಲ್ಲ, ಕೂಸಿಗೆ ಹಾದಿ ಬಿಡಲಿಕ್ಕ ತಾನೇ ಸಡ್ಲ ಆಗ್ಯಾದ. ನೀ ಇನ್ನಷ್ಟು ಜಗ್ಗಲಿಕತ್ತಿ. ಮಗ್ಗಲು ಬದಲಿಸುವಾಗ ಎರಡೂ ಮೊಳಕಾಲು ಕೂಡಿಸಿ ತಿರುಗು. ಮಲಗಿದಾಗ ಮೊಳಕಾಲ ನಡುವ ತಲಿದಿಂಬು ಇಟ್ಕೋ. ಕೊಡ ಬ್ಯಾಡ. ಜ್ವರ ಬಂದ್ರ, ರಕ್ತ ಕಂಡ್ರ, ಉಚ್ಚಿ ಉರದ್ರ ನನ್ನ ಕರೀಬ್ಯಾಡ್ರಿ, ದವಾಖಾನಿಗೆ ಓಡ್ರಿ."

ಹಳೇ ಧೋತರ ಮಡಚಿ, ಹೊಟ್ಟಿ ತೆಳಗ, ಟೊಂಕದ ಸುತ್ತ ಕಟ್ಟಿದಳು. ಜೋಡಿಗೆ ಒಂದು ತಾಯತ ಕೊಟ್ಟಳು. ಧೋತರ ಕಟ್ಟಿಕೊಂಡೆ, ತಾಯತ ಗ್ವಾಡಿ ಮೊಳಿಗೆ ಹಾಕಿದೆ.

ಅಕಿ ಹೋದ ಮ್ಯಾಲ ಅತ್ತಿ ಸಣ್ಣ ದನಿಲೆ ಅಂದಳು, "ನನಗೂ ಹಿಂಗೇ ಇತ್ತವ್ವ, ನಾಕೂ ಬಸಿರಿನಾಗ. ಎಲ್ಲಾರಿಗೂ ಇರ್ತದಂತ ತಿಳಕೊಂಡಿದ್ದೆ."

"ಯಾರಿಗೂ ಹೇಳಲಿಲ್ಲೇನ್ರಿ?"

"ಯಾರು ಕೇಳಿದ್ರು?"

ಮರುದಿನ ಸ್ಟೇಶನ್ನಿಗೆ ಅತ್ತಿನೂ ಬಂದಳು, ಬಗಲಾಗ ಮನಿ ಕಟಗಿ ಸ್ಟೂಲು. ರೈಲಿನ ಡಬ್ಬಿ ಮುಂದ ಇಟ್ಟು, ನನ್ನ ರಟ್ಟಿ ಹಿಡದು ಸಾವಕಾಶ ಹತ್ತಿಸಿದಳು. ಗಾರ್ಡ್ ನಗಲಿಕತ್ತಿದ. "ಏನಮ್ಮ, ಸ್ಟೂಲಿಗೂ ಟಿಕೇಟ್ ತಗೊಂಡಿ ಏನು?"

"ನಿಮ್ಮ ಮೆಟ್ಟಲ ತೆಳಗ ಇಳಸ್ರಿ, ತರೋದು ಬಿಡ್ತೀನಿ."

ನಾ ಹೆರಿಗಿ ರಜಾ ಹಾಕೋ ತನಕ ದಿನಾ ತಂದಳು. ಬ್ಯಾನಿ ಪೂರಾ ಹೋತಂತ ಸುಳ್ಳು ಹೇಳಲ್ಲ. ತಡಕೊಳ್ಳೋವಷ್ಟು ಆತು, ಹೆರಿಗಿ ಆಗಿ ಒಂದೆರಡು ತಿಂಗಳಿಗೆ ಹೋತು. ನೌಕರಿ ಉಳೀತು. ಅದಕ್ಕ, ಈಗ ಬಸುರಿ ಇರೋ ನಿನಗ ಹೇಳ್ಲಿಕತ್ತೀನಿ, ಯಾರೂ ಕೇಳದಿದ್ರೂ ಬ್ಯಾನಿ ಬಾಯಿ ಬಿಟ್ಟು ಹೇಳಬೇಕು. ಇವತ್ತು ನೀ ಸುಮ್ಮ ತಡಕೊಂಡ್ರ, ನಾಳೆ ನಿನ್ನ ಸೊಸಿಗೂ ತಡಕೋ ಅಂತಿ. ಅಷ್ಟೇ.