ಗೂಟದ ಬುಡಕ್ಕೆ ಸುರಿದ ನೀರು

ಎಂಬತ್ತೇಳರ ಬೇಸಿಗೆ. ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದ ನಾನು ಅವರ ಮಾತಿಗೆ ಕಿವಿಗೊಟ್ಟೆ.

“ಅನಸೂಯಾ, ಬೋರಿಗೆ ಜಾಗ ನೋಡಾಕೆ ಬಂದೋರು ನಮ್ಮ ಕೇರಿ ಹಿಂದೆ ಕಬ್ಬಿಣದ ಗೂಟ ಹೊಡೆದು ನೆಲದೊಳಕ್ಕೆ ಕರೆಂಟು ಬಿಟ್ರಲ್ಲ...”

“ಹೂಂ ಆಂಜಿನಮ್ಮಕ್ಕ. ನೀರಿರೋ ಕಡೆ ಕರೆಂಟು ಸಲೀಸಾಗಿ ಹರೀತದೆ ಅಂದ್ರಲ್ಲ ಸಾಹೇಬ್ರು.”

“ನೆಲ ಒಣಗೈತೆ, ಗೂಟದ ಬುಡಕ್ಕೆ ಒಂದೊಂದು ಚೊಂಬು ಉಪ್ಪುನೀರು ಹಾಕಿ ಅಂದ್ರು. ಅವರು ಊಟಕ್ಕೆ ಹೋದಾಗ ನಾನು ನಾಕು ಬಿಂದಿಗೆ ಸುರಿದ್ಬಿಟ್ಟೆ ಕಣೇ.”

“ಅಯ್ಯೋ! ಎರಡು ಮೈಲಿ ಹೊತ್ತು ತಂದ ನೀರ್ನಾ?”

“ಮೇಲಿನ ಬೀದೀಲಿ ಬೋರು ಹಾಕಿದ್ರೆ ನಮ್ಮನ್ನ ಮುಟ್ಟಾಕೆ ಬಿಡ್ತಾರಾ? ಆಮೇಲೆ ಅಳೆದು, ನಿಮ್ಮ ಕೇರೀಲೇ ನೀರೈತೆ ಅಂತ ಬರಕೊಂಡು ಹೋದ್ರು. ನಾಳೆ ಬೋರ್ ಲಾರಿ ಬರ್ತದೆ.”

“ನೀರು ಬೀಳದೇ ಹೋದ್ರೆ?”

“ಊರಿಗೆ ಸರ್ಕಾರ ಕೊಟ್ಟಿರೋದೇ ಒಂದು ಬೋರು. ಮತ್ತೆ ಯಾರೂ ಬರಲ್ಲ. ನೀರು ಹೊತ್ತೂ ಹೊತ್ತೂ ಸಾಕಾಗೋಗದೆ ಕಣಮ್ಮ.”

“ಹೇಳಿಬಿಡು ಸಾಹೇಬ್ರಿಗೆ, ತಾಲ್ಲೂಕಾಫೀಸಲ್ಲೇ ಇರ್ತಾರೆ. ಇನ್ನೊಂದ್ಸಲ ಅಳೀಲಿ.”

“ಬೈದ್ರೆ?”

“ಬೈಸ್ಕೊಳಣ. ಬೈಗುಳ ಏನು, ತುಂಬಿದ ಬಿಂದಿಗೆಗಿಂತ ಭಾರಾನಾ?”

ಕಂಡಕ್ಟರು ತಾಲ್ಲೂಕಾಫೀಸು ಎಂದು ಕೂಗಿದ. ಆಂಜಿನಮ್ಮ ಏಳಲಿಲ್ಲ.

“ಅಳೆದಾಗ ನಮ್ಮ ಕೇರೀಲಿ ನೀರಿಲ್ಲ ಅಂತ ಬಂದ್ರೆ?”

ಅನಸೂಯಮ್ಮ ಅವಳ ಮೊಣಕೈ ಹಿಡಿದು ಎಬ್ಬಿಸಿದಳು.

“ಮೇಲಿನ ಬೀದಿ ಬೋರಿಗೇ ಹೋಗಣ. ಮೊದಲ ಬಿಂದಿಗೆ ನಾನಿಡ್ತೀನಿ, ನೀನು ಪಕ್ಕದಲ್ಲಿ ನಿಂತ್ಕೋ.”

ಇಬ್ಬರೂ ಇಳಿದು ಆಫೀಸಿನ ಕಡೆಗೆ ನಡೆದರು.