ಎನಿಡ್ ಬಚ್ಚಿಟ್ಟ ಬಿಯರು

ಮರುದಿನ ಕಣ್ಣಿನ ಪೊರೆ ತೆಗೆಸಿಕೊಳ್ಳಬೇಕಿದ್ದ ಮಾರ್ಜರಿ, ಮುಂಚಿನ ತಪಾಸಣೆಗೆಂದು ಬಂದು ಬಾರ್ನ್ಸ್ಲಿಯ ಆಸ್ಪತ್ರೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಆಗಷ್ಟೇ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡ ಮುದುಕನೊಬ್ಬ ಹೆಂಡತಿಯೊಂದಿಗೆ ಬಂದು ಪಕ್ಕದಲ್ಲೇ ಕುಳಿತ. ಹೆಂಡತಿ ಚೀಲದಿಂದ ಗಾಜಿನ ಬಾಟಲಿಯೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ನೋಡು ವಿಲ್ಫ್."

"ಬಂಗಾರದ ಹಾಗಿದೆಯಲ್ಲೇ ಎನಿಡ್! ಯಾರ ಬಿಯರು?"

"ನಿಂದೇ. ಮೊಮ್ಮಗಳ ಮದುವೆಗೆ ಅಂತ ನೀನು ಮಾಡಿದ್ದು."

"ಅದು ಬಗ್ಗಡ ಆಗಿತ್ತು. ಎರಡು ಸಲ ಜೆಲಟಿನ್ ಹಾಕಿ ತಣ್ಣಗಿಟ್ಟರೂ ತಿಳಿಯಾಗಲಿಲ್ಲ. ಚೆಲ್ಲಿಬಿಡು ಅಂದಿದ್ದೆ."

"ಮೊದಲನೇ ಸಲಕ್ಕೇ ತಿಳಿಯಾಗಿತ್ತು ಮಾರಾಯ. ಬಗ್ಗಡ ಇದ್ದಿದ್ದು ನಿನ್ನ ಕಣ್ಣಲ್ಲಿ!"

"ಹೇಳಬಾರದಿತ್ತಾ?"

"ಹೇಳಿದೆ. 'ನಿಂಗೇನು ಗೊತ್ತು' ಅಂತ ನೀನೇ ಅಂದೆ. ಅದಕ್ಕೇ ನಾನೇ ಬಾಟಲಿಗೆ ತುಂಬಿ ಬಚ್ಚಿಟ್ಟೆ."

"ಗ್ಯಾಸ್ ಬರೋಕೆ ಸಕ್ಕರೆ ಹಾಕಿದೆಯಾ?"

"ಬಾಟಲಿಗೆ ಅರ್ಧ ಚಮಚ. ಎರಡು ವಾರ ಬೆಚ್ಚಗಿನ ಕಪಾಟಲ್ಲಿ ಇಟ್ಟಿದ್ದೆ."

"ಅಷ್ಟು ಜೆಲಟಿನ್ ಬಿದ್ದಮೇಲೆ ಆ ಸಕ್ಕರೆ ತಿನ್ನೋ ಯೀಸ್ಟೆಲ್ಲಾ ತಳ ಸೇರಿರುತ್ತೆ ಕಣೇ. ಇನ್ನು ಗ್ಯಾಸ್ ಎಲ್ಲಿಂದ ಬರಬೇಕು?"

ಅವಳು ಮುಚ್ಚಳ ಎತ್ತಿದಳು. ಬುಸ್ಸೆಂದು ಎದ್ದ ನೊರೆ ಅವಳ ಬೆರಳುಗಳ ಮೇಲೆ ಹರಿಯಿತು. ಕೂತವರೆಲ್ಲ ತಿರುಗಿ ನೋಡಿದರು.

"ಇಲ್ಲಿಂದ," ಎಂದಳು.

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನರ್ಸ್ ಗದರುತ್ತಾ ಬರುವಷ್ಟರಲ್ಲಿ ಇಬ್ಬರೂ ಎದ್ದರು. ಬಾಗಿಲ ಹತ್ತಿರ ಅವನು ನಿಂತು ಹೆಂಡತಿಯ ಮುಖವನ್ನೇ ನೋಡಿದ.

"ನಿಂಗೆ ಇಷ್ಟೊಂದು ಸುಕ್ಕು ಯಾವಾಗ ಬಂತೇ?"

"ನೀನು ಬಿಯರ್ ನೋಡ್ತಾ ಕೂತಿದ್ದಾಗ."

"ಚೆನ್ನಾಗೇ ಇವೆ ಬಿಡು," ಎಂದು ಅವಳ ತೋಳು ಹಿಡಿದು ಹೊರಟ.

ಒಳಗಿನಿಂದ ಹೆಸರು ಕರೆದಾಗ ಮಾರ್ಜರಿ ನಗುತ್ತಲೇ ಎದ್ದಳು.